ದೊಡ್ಡ ಬೊಗದಾದ ಬಿಳಿ ಬಾಣ

ಮೊನ್ನೆ ನಮ್ಮ ಖಾಸಬಾಗದ ಮನೆಯ ಗೇಟಿಗೆ ಬಣ್ಣ ಹಚ್ಚಲು ಬಂದವನು ಎಣ್ಣೆಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿದ್ದೇ ತಡ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಟರ್ಪೆಂಟೈನಿನ ಘಾಟು ಮೂಗಿಗೆ ಬಡಿಯಿತು, ಡಬ್ಬಿಯೊಳಗೆ ಬಿಳಿ ಬಣ್ಣ ಕಂಡಿತು, ಅಷ್ಟೇ ಸಾಕಾಯಿತು.

"ಬಿಳಿ ಬ್ಯಾಡ ಅಂತ ಹೇಳಿರಲಿಲ್ಲೇನೋ ನಿನಗ? ಕರೇದು ತಾ, ಹಸರು ತಾ, ಯಾವದರ ತಾ! ಬಿಳಿ ಬ್ಯಾಡ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

"ನೀವು ಏನೂ ಹೇಳಿರಲಿಲ್ಲಲ್ರೀ ಬಾಯಾರ" ಎಂದ ಅವನು, ಬ್ರಷ್ಷು ಕೈಯಲ್ಲಿ ಹಿಡಿದುಕೊಂಡೇ.

ಖರೆ, ಹೇಳಿರಲಿಲ್ಲ. ಅವನಿಗೊಂದು ಕಪ್ ಚಹಾ ಕೊಟ್ಟು, ಡಬ್ಬಿ ಬದಲಿಸಿ ತರಲು ಕಳಿಸಿ ಕಟ್ಟೆಯ ಮೇಲೆ ಕುಳಿತೆ. ಇಪ್ಪತ್ತು ವರ್ಷದ ಮೇಲಾಯಿತು, ಈ ಸಿಟ್ಟು ಇಳಿದಿಲ್ಲ. ಇಳಿಯಬಾರದು ಅಂತಲೇ ನಾನೂ ಅದನ್ನು ಕಾಯ್ದುಕೊಂಡು ಬಂದಿದ್ದೇನೆ.

ಎರಡು ಸಾವಿರದ ಇಸವಿಯ ಆ ಚಳಿಗಾಲದಲ್ಲಿ ನಾನು ಇಲ್ಲೇ ಹತ್ತಿರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಟೀಚರಿಗೆ ನಮ್ಮ ಕಡೆ ಬಾಯಾರ ಎನ್ನುತ್ತಾರೆ, ಆ ಹೆಸರು ನನಗೆ ಈಗಲೂ ಅಂಟಿದೆ. ಕಾಯಂ ಆಗಿರಲಿಲ್ಲ. ಪ್ರತಿ ಜೂನಿನಲ್ಲಿ ಹೊಸದಾಗಿ ಆರ್ಡರ್ ಕೊಡುತ್ತಿದ್ದರು, ಬರುವ ಜೂನಿಗೆ ಕಾಯಂ ಮಾಡುತ್ತೇವೆ ಎಂದಿದ್ದರು. ಆಗ ನಾನಿದ್ದ, ಪಕ್ಕದ ಶಹಾಪುರದ ನಮ್ಮ ತವರುಮನೆಯಲ್ಲಿ ಅಪ್ಪನ ಕೈಮಗ್ಗ ನಿಂತು ಎರಡು ವರ್ಷವಾಗಿತ್ತು. ಓಣಿಯ ಮನೆಮನೆಯಲ್ಲೂ ಪವರ್‌ಲೂಮಿನ ಖಟಖಟ. ನಮ್ಮ ಮಗ್ಗದ ಕುಣಿಯಲ್ಲಿ ಅವ್ವ ಉಳ್ಳಾಗಡ್ಡಿ ಹರವಿದ್ದಳು. ಮನೆ ನಡೆಯುತ್ತಿದ್ದದ್ದು ನನ್ನ ನೌಕರಿಯ ಮೇಲೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಬಾಯಿ ಮುಚ್ಚಿಕೊಂಡು ನಿಂತದ್ದಕ್ಕೆ ಇದೇ ನೆಪ. ನೆಪ ಅನ್ನುವುದು ನನಗೂ ಗೊತ್ತು.

ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿ ಅಪ್ಪಾಸಾಹೇಬ ಎಂಬವರಿದ್ದರು. ಪೇಟೆಯಲ್ಲಿ ದೊಡ್ಡ ಬಣ್ಣದ ಅಂಗಡಿ. ಅವರಿಗೆ ಗುಡ್ಡ ಸುತ್ತುವ ಹುಚ್ಚು. ರವಿವಾರ ಬಂತೆಂದರೆ ಮಾಸ್ತರರು, ಬ್ಯಾಂಕಿನವರು, ಒಬ್ಬ ಡಾಕ್ಟರು ಹೀಗೆ ಹತ್ತು ಹದಿನೈದು ಮಂದಿಯನ್ನು ಕಟ್ಟಿಕೊಂಡು ಖಾನಾಪುರದ ಕಾಡಿಗೆ ಹೊರಡುತ್ತಿದ್ದರು. ನನಗೂ ನಡೆಯುವುದೆಂದರೆ ಆಸೆ. ಕಾಯಂ ಮಾಡುವವರ ಕಣ್ಣೆದುರಿಗೆ ಇದ್ದರೆ ಒಳ್ಳೆಯದೇ ಎಂಬ ಲೆಕ್ಕವೂ ಮನಸ್ಸಿನಲ್ಲಿ ಇತ್ತು, ಸುಳ್ಳೇಕೆ ಹೇಳಲಿ.

ಆ ದೀಪಾವಳಿ ಮುಗಿದ ಮೊದಲ ರವಿವಾರ ಅವರು ಒಂದು ಹೊಸ ದಾರಿ ಹುಡುಕಿದ್ದರು. ಕಣಕುಂಬಿಗೂ ಆಚೆ, ಕಾಡಿನೊಳಗೆ ಒಂದು ಸಣ್ಣ ಊರು. ಊರ ಮೇಲಿನ ಹಳ್ಳಕ್ಕೆ ಅಜ್ಜ-ಮುತ್ತಜ್ಜಂದಿರು ಕಲ್ಲಿನ ಒಡ್ಡು ಹಾಕಿ, ಅಲ್ಲಿಂದ ಒಂದು ಕಾಲುವೆ ತೆಗೆದಿದ್ದರು. ಊರವರು ಅದಕ್ಕೆ ಪಾಟ ಎನ್ನುತ್ತಿದ್ದರು. ಪಾಟ ಗುಡ್ಡದ ಹೊಟ್ಟೆಯನ್ನು ಬಳಸಿಕೊಂಡು ಹೋಗಿ, ಅಡ್ಡ ಬಂದ ಬಂಡೆಯನ್ನು ಎರಡು ಕಡೆ ಕೊರೆದು ದಾಟಿ, ಗುಡ್ಡದ ಹಿಂದಿನ ಗದ್ದೆಗಳಿಗೆ ನೀರುಣಿಸಿ, ಉಳಿದ ನೀರನ್ನು ಮತ್ತೆ ಅದೇ ಹಳ್ಳಕ್ಕೆ ತಂದು ಬಿಡುತ್ತಿತ್ತು. ಪಾಟದ ದಂಡೆ ಹಿಡಿದು ನಡೆದರೆ ಸಂಜೆಗೆ ಹೊರಟಲ್ಲಿಗೇ ಬರುತ್ತೀರಿ. ಬಂಡೆ ಕೊರೆದ ಸುರಂಗಕ್ಕೆ ನಮ್ಮ ಕಡೆ ಎಲ್ಲರೂ ಬೊಗದಾ ಎನ್ನುತ್ತೇವೆ. ಒಂದು ಸಣ್ಣದು, ಹತ್ತು ಹೆಜ್ಜೆಯದು. ಇನ್ನೊಂದು ದೊಡ್ಡ ಬೊಗದಾ. ಅದರಲ್ಲಿ ಸೊಂಟ ಬಗ್ಗಿಸಿಯೇ ಹೋಗಬೇಕು, ಕೆಲವೆಡೆ ಅಂಬೆಗಾಲಿಡಬೇಕು. ಒಂದು ಬಾಯಲ್ಲಿ ಕೂಗಿದರೆ ಇನ್ನೊಂದು ಬಾಯಿಗೆ ಕೇಳುವುದಿಲ್ಲ.

ಎಂಥ ನಡಿಗೆ ಅದು! ಬೆಳಗಿನ ಇಬ್ಬನಿಗೆ ಸೀರೆಯ ಅಂಚು ಮೊಳಕಾಲತನಕ ತೊಯ್ದಿತ್ತು. ಎಡಗಡೆ ಗುಡ್ಡ, ಬಲಗಡೆ ಇಳಿಜಾರು, ನಡುವೆ ಒಂದೇ ಹೆಜ್ಜೆ ಅಗಲದ ದಂಡೆ. ಕಾಲ ಪಕ್ಕದಲ್ಲೇ ಮಾರಗಲದ ನೀರು ಸದ್ದಿಲ್ಲದೆ ಬರುತ್ತಿತ್ತು. ರಾತ್ರಿ ಕಾಡುಕೋಣ ನೀರು ಕುಡಿದು ಹೋದ ಗೊರಸಿನ ಗುರುತು ಕೆಸರಿನಲ್ಲಿ ಹಸಿಯಾಗೇ ಇತ್ತು. ಕೆಳಗೆ ಕೊಯ್ದ ಗದ್ದೆಯಿಂದ ಹುಲ್ಲಿನ ವಾಸನೆ ಬರುತ್ತಿತ್ತು. ಆ ದಿನ ಮಧ್ಯಾಹ್ನದತನಕ ನನ್ನಷ್ಟು ಸುಖಿ ಯಾರೂ ಇರಲಿಲ್ಲ.

ದಾರಿ ತಪ್ಪದಿರಲೆಂದು ಅಲ್ಲಲ್ಲಿ ಬಾಣದ ಗುರುತು ಹಾಕುವುದು ಅಪ್ಪಾಸಾಹೇಬರ ಯೋಜನೆ. ಬಣ್ಣ ಅವರ ಅಂಗಡಿಯದು, ಕೈ ನನ್ನದು. ಬೆಳಿಗ್ಗೆಯಿಂದ ಮರಕ್ಕೆ, ಬಂಡೆಗೆ ಬಾಣ ಬರೆಯುತ್ತ ಬಂದಿದ್ದೆ. ದೊಡ್ಡ ಬೊಗದಾದ ಬಾಯಿಗೆ ಬಂದಾಗ, ಬಲಗಡೆ ಎದೆಯೆತ್ತರಕ್ಕೆ ಒಂದು ಕರಿಕಲ್ಲು ಕಂಡಿತು. ಸುತ್ತಲಿನ ಕಲ್ಲೆಲ್ಲ ಪಾಚಿ ಹಿಡಿದು ಒರಟಾಗಿದ್ದರೆ ಅದೊಂದು ಮಾತ್ರ ಸ್ವಚ್ಛ, ನುಣುಪು, ಕಪ್ಪು. ಡ್ರಾಯಿಂಗ್ ಟೀಚರಿಗೆ ಕರಿಹಲಗೆ ಸಿಕ್ಕರೆ ಬಿಡುತ್ತಾಳೆಯೇ? ಮೊಳ ಉದ್ದದ ದಪ್ಪ ಬಾಣ ಬರೆದೆ. "ಭಲೇ!" ಎಂದು ಅಪ್ಪಾಸಾಹೇಬರು ಬಾಣದ ಪಕ್ಕ ನನ್ನನ್ನು ನಿಲ್ಲಿಸಿ, ಕೈಯಲ್ಲಿ ಬ್ರಷ್ಷು ಹಿಡಿಸಿ ಫೋಟೊ ತೆಗೆದರು. ಈ ಕಲ್ಲೊಂದೇ ಯಾಕೆ ಇಷ್ಟು ನುಣ್ಣಗಿದೆ ಎಂದು ನಾನು ಕೇಳಿಕೊಳ್ಳಲಿಲ್ಲ.

ನಾವು ಬುತ್ತಿ ಬಿಚ್ಚಿ ಊಟಕ್ಕೆ ಕುಳಿತಾಗ ಒಬ್ಬ ಹೆಣ್ಣುಮಗಳು ದಂಡೆಯ ಮೇಲೆ ಬಂದಳು. ಹೆಗಲ ಮೇಲೆ ಗುದ್ದಲಿ, ಎತ್ತಿ ಕಚ್ಚೆ ಹಾಕಿದ ಸೀರೆ, ನಲವತ್ತರ ಆಸುಪಾಸು. ಪಾರೂಬಾಯಿ. ಪಾಟ ನೋಡಿಕೊಳ್ಳುವ ಪಾಟಕರಿ ಅವಳ ಗಂಡ ಸಾತೇರಿ. ಬೊಗದಾದ ಬಾಯಲ್ಲಿರುವ ಮರದ ಹಲಗೆ ಎತ್ತಿ ನೀರು ಬಿಡುವುದು, ಇಳಿಸಿ ನಿಲ್ಲಿಸುವುದು ಇವಳ ಕೆಲಸ. ಅವಳ ಅತ್ತೆಯದೂ ಅದೇ ಕೆಲಸವಾಗಿತ್ತಂತೆ. ನಗುನಗುತ್ತ ಬಂದವಳು ಕಲ್ಲು ನೋಡಿ ನಿಂತುಬಿಟ್ಟಳು.

"ಯಾರ್ರೀ ಇದನ್ನ ಹಚ್ಚಿದಾವರು?"

"ನಾನು" ಎಂದೆ, ಹೆಮ್ಮೆಯಿಂದ. ಹೊಗಳುತ್ತಾಳೆ ಅಂದುಕೊಂಡಿದ್ದೆ!

"ಒರಸ್ರಿ ಬಾಯಾರ. ಇದು ಸುಣ್ಣದ ಕಲ್ಲ ಐತಿ."

ಆಮೇಲೆ ಹೇಳಿದಳು. ಬೊಗದಾದೊಳಗೆ ಹೂಳು, ಎಲೆ, ಉದುರಿದ ಕಲ್ಲು ತುಂಬುತ್ತದೆ. ವಾರಕ್ಕೋ ಎರಡು ವಾರಕ್ಕೋ ಯಾರಾದರೂ ಒಳಹೊಕ್ಕು ತೆಗೆಯಬೇಕು. ಹೊಗುವವರು ತಂಬಾಕಿನ ಡಬ್ಬಿಯ ಸುಣ್ಣವನ್ನು ಮೂರು ಬೆರಳಿಗೆ ತೊಡೆದುಕೊಂಡು ಆ ಕಲ್ಲಿಗೆ ಎಳೆಯುತ್ತಾರೆ. ಕಲ್ಲಿನ ಮೇಲೆ ಮೂರು ಬಿಳಿ ಗೆರೆ ಇದ್ದರೆ ಒಳಗೆ ಜೀವವಿದೆ, ಹಲಗೆ ಎತ್ತಬಾರದು. ಆಚೆ ಬಾಯಿಂದ ಹೊರಬಿದ್ದವರು ಗುಡ್ಡ ಹತ್ತಿ ಇಳಿದು ತಿರುಗಿ ಬಂದು ತಾವೇ ಒರೆಸುತ್ತಾರೆ. ಒರೆಸಿ ಒರೆಸಿಯೇ ಆ ಕಲ್ಲು ಅಷ್ಟು ನುಣ್ಣಗಾದದ್ದು.

"ನೀವ ಒರಸಿಬಿಡ್ರಲ್ಲ ಮತ್ತ" ಎಂದೆ ನಾನು.

"ಹಚ್ಚಿದಾವರ ಒರಸಬೇಕ್ರಿ. ಬ್ಯಾರೆಯವರ ಗುರುತಿಗೆ ನಾವು ಕೈ ಹಚ್ಚಂಗಿಲ್ಲ. ಹಂಗ ಹಚ್ಚಕೋತ ಹೋದ್ರ ಒಳಗ ಹೋದಾವರು ಬದುಕತಾರೇನು?"

ಬಣ್ಣ ಇನ್ನೂ ಹಸಿಯಾಗಿತ್ತು. ಟರ್ಪೆಂಟೈನಿನಲ್ಲಿ ಅದ್ದಿದ ಅರಿವೆ ನನ್ನ ಕೈಯಲ್ಲೇ ಇತ್ತು. ಎದ್ದು ನಾಲ್ಕು ಹೆಜ್ಜೆ ಹೋಗಿ ಒರೆಸಿದ್ದರೆ ಮುಗಿಯುತ್ತಿತ್ತು, ಇದೆಲ್ಲ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ನಾನು ಎದ್ದೆ ಕೂಡ. ಅಪ್ಪಾಸಾಹೇಬರು ಕೈ ಅಡ್ಡ ಮಾಡಿದರು.

"ಏ, ಕುಂದರ್ರಿ ಬಾಯಾರ. ಜನೇವರಿ ಇಪ್ಪತ್ತಾರಕ್ಕ ಹೊರಗಿಂದ ನೂರ ಮಂದಿ ಬರಾವರ ಇದ್ದಾರ, ಅವರಿಗೆ ದಾರಿ ತೋರಸಾವರು ಯಾರು? ಅದು ಮುಗದ ಮ್ಯಾಲ ಒರಸೂಣು. ಅಕ್ಕಾ, ನಿಮ್ಮ ಸುಣ್ಣ ಬಾಜೂಕ ಹಚ್ಚಕೋರಿ, ಕಲ್ಲಿಗೇನ ಬರಗಾಲ ಐತೇನು ಇಲ್ಲಿ?"

ಎಲ್ಲರೂ ನಕ್ಕರು. ನಾನೂ ಕುಳಿತೆ, ಕುಳಿತು ಉಳಿದ ರೊಟ್ಟಿ ತಿಂದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಪಾರೂಬಾಯಿ ವಾದ ಮಾಡಲಿಲ್ಲ. ನಾವು ಟಾರ್ಚು ಹಿಡಿದು ಬೊಗದಾ ಹೊಗಲು ಎದ್ದಾಗ ಹಲಗೆ ಇಳಿಸಿ ನೀರು ನಿಲ್ಲಿಸಿ ಅದರ ಪಕ್ಕ ಕುಳಿತಳು. "ನಿಮ್ಮ ಗುರುತ ಹಾಕಾಕ ಕಲ್ಲ ಇಲ್ಲ. ನೀವು ಹದಿನಾಲ್ಕ ಮಂದಿ ಹೊರಗ ಬರೂತನಕ ನಾನ ಇಲ್ಲಿ ಕುಂದರ್ತೀನಿ. ಬಂದ ಮ್ಯಾಲ ಒಬ್ಬರು ಬಂದ ಹೇಳ್ರಿ" ಎಂದಳು. "ಹೇಳ್ತೀವ್ರಿ" ಎಂದೆವು. ಒಳಗೆ ಬಾವಲಿ ಹಾರಿದ್ದಕ್ಕೆ ಕಿರುಚಿ, ತಲೆ ತಾಗಿಸಿಕೊಂಡು ನಕ್ಕು, ಆಚೆಗೆ ಬೆಳಕು ಕಂಡಾಗ ಚಪ್ಪಾಳೆ ಹೊಡೆದೆವು. ಅಲ್ಲಿಂದ ಗದ್ದೆಯ ಬದುವಿನ ಮೇಲೆ ಹಾಯ್ದು ಸುತ್ತು ಮುಗಿಸುವಾಗ ಕೆಳಗೆ ನಮ್ಮ ಟೆಂಪೊದವನು ಹಾರ್ನು ಒತ್ತುತ್ತಿದ್ದ. ಓಡಿ ಹೋಗಿ ಹತ್ತಿದೆವು.

ಡಿಸೆಂಬರಿನಲ್ಲಿ ಆ ಊರಿನಿಂದ ಮೊದಲ ಸಲ ಹೇಳಿಕಳಿಸಿದರು. ಅಲ್ಲಿಂದ ಖಾಸಬಾಗದ ಪೇಟೆಗೆ ಗೆಣಸು ಮಾರಲು ಬರುತ್ತಿದ್ದ ರುಕ್ಮವ್ವ ಎಂಬ ಮುದುಕಿ, ಬುಟ್ಟಿ ಹೊತ್ತುಕೊಂಡೇ ಶಾಲೆಯ ಗೇಟಿಗೆ ಬಂದು ನಿಂತಳು. "ಪಾರೂ ಹೇಳ್ಯಾಳ, ಬಾಣ ಬರದ ಬಾಯಾರ ಬಂದ ಒರಸಿ ಹೋಗ್ಲಿ ಅಂತ." ಅಪ್ಪಾಸಾಹೇಬರಿಗೆ ಹೇಳಿದೆ. ಅವರು ಜನವರಿ ಇಪ್ಪತ್ತಾರು ಎಂದರು. ಹದಿನೈದು ದಿನ ಬಿಟ್ಟು ಮುದುಕಿ ಮತ್ತೆ ಬಂದಳು. ಈ ಸಲ ನಾನು ಅವರಿಗೆ ಹೇಳಲೂ ಇಲ್ಲ; "ಬರ್ತೀನಿ ಅಂತ ಹೇಳ್ರಿ" ಎಂದು ಒಂದು ಸೇರು ಗೆಣಸು ತೆಗೆದುಕೊಂಡು ಕಳಿಸಿದೆ. ಅಷ್ಟರಲ್ಲಿ ಅಪ್ಪಾಸಾಹೇಬರ ಅಂಗಡಿಯ ಹೊಸ ವರ್ಷದ ಕ್ಯಾಲೆಂಡರು ಬಂದಿತ್ತು. ಅದರ ಮೇಲೆ ಬಾಣದ ಪಕ್ಕ ಹಲ್ಲು ಕಿರಿದು ನಿಂತ ನಾನು! ಶಹಾಪುರದ ಕಿರಾಣಿ ಅಂಗಡಿಯಲ್ಲೂ ತೂಗಿತು. ಅಪ್ಪ ಅದನ್ನು ಮಗ್ಗದ ಮೇಲಿನ ಮೊಳೆಗೆ ಹಾಕಿ, ಬಂದವರಿಗೆಲ್ಲ ತೋರಿಸಿದ.

ಜನವರಿ ನಡುವಿನಲ್ಲಿ, ಕೈಕಾಲು ಸೆಟೆಯುವಂಥ ಚಳಿಯ ಒಂದು ದಿನ, ಮುದುಕಿ ಮೂರನೇ ಸಲ ಬಂದಳು. ಬುಟ್ಟಿ ಇರಲಿಲ್ಲ.

"ಸಾತೇರಿ ಒಳಗ ಇದ್ದಾಗ ಪಾರೂ ನೀರ ಬಿಟ್ಟಾಳ. ಅವನ್ನ ಇಲ್ಲೇ ದವಾಖಾನ್ಯಾಗ ಹಾಕ್ಯಾರ" ಎಂದಳು. ನನ್ನ ಮುಖ ನೋಡಿ ತಿರುಗಿ ಹೋದಳು.

ದವಾಖಾನೆಗೆ ಓಡಿದೆ. ಸಾತೇರಿ ಜೀವದಿಂದಿದ್ದ. ನೀರಿನ ರಭಸಕ್ಕೆ ಮಾಡಿನ ಕಲ್ಲೊಂದು ಕಳಚಿ ಸೊಂಟದ ಮೇಲೆ ಬಿದ್ದಿತ್ತು. ಎಲುಬು ಮುರಿದಿದ್ದರೂ ಕೈ ಊರಿ ತೆವಳಿಕೊಂಡು ಹೊರಬಿದ್ದಿದ್ದ. ನಸುಕಿನಲ್ಲೇ ಖಾನಾಪುರದ ಸಂತೆಗೆ ಹೊರಟವನು, ನೀರು ಎಲ್ಲೋ ಕಟ್ಟಿದೆ ಎಂದು ಅನುಮಾನ ಬಂದು ದಾರಿಯಲ್ಲೇ ಬೊಗದಾ ಹೊಕ್ಕಿದ್ದ. ಮನೆಯಲ್ಲಿ ಹೇಳಿರಲಿಲ್ಲ. ಹೇಳುವ ಅಗತ್ಯವೇನು? ಕಲ್ಲು ಇತ್ತಲ್ಲ!

"ನಾ ಹಚ್ಚೀನ್ರೀ ಸುಣ್ಣ" ಎಂದ ಅವನು, ನನ್ನ ಕೈ ಹಿಡಿದುಕೊಂಡು. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. "ಕತ್ತಲಿತ್ತು, ಕೈಗೆ ರೂಢಿ ಇದ್ದ ಜಾಗಾಕ ಮೂರ ಬಟ್ಟ ಎಳದೀನಿ. ಯಾರೂ ನಂಬವಲ್ಲರು. ಆಕಿ ಬೇಕಂತ ಬಿಟ್ಟಾಳ ಅಂತಾರ. ಆ ವಾರ ನಮ್ಮದು ಜಗಳಾ ಆಗಿದ್ದು ಖರೇ. ಗಂಡ ಹೆಂಡ್ತಿ ಅಂದ ಮ್ಯಾಲ ಜಗಳಾ ಆಗಂಗಿಲ್ಲೇನ್ರಿ? ಅದಕ್ಕ ಆಕಿ ನನ್ನ ಕೊಲ್ಲತಾಳ?"

ಊರವರು ಪಾರೂಬಾಯಿಯ ಕೈಯಿಂದ ಹಲಗೆ ಕಸಿದುಕೊಂಡಿದ್ದರು. ಬಾವಿಯಲ್ಲಿ ಅವಳು ನೀರಿಗೆ ಬಂದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಹೋಗುತ್ತಿದ್ದರಂತೆ. ಗಂಡನ ಮೇಲೆ ನೀರು ಬಿಟ್ಟವಳು ಎಂಬ ಹೆಸರು ಅವಳಿಗೆ ಅಂಟಿತ್ತು. ಪಂಚರು ಕೂಡುವವರಿದ್ದರು.

ಈ ಸುದ್ದಿ ಕೇಳಿ ಅಪ್ಪಾಸಾಹೇಬರಿಗೆ ಬಿದ್ದ ಚಿಂತೆ ಒಂದೇ: ಇಪ್ಪತ್ತಾರರ ಕಾರ್ಯಕ್ರಮ ತಪ್ಪಬಾರದು. ಪಂಚರ ಹತ್ತಿರ ತಾವೇ ಮಾತಾಡುವುದಾಗಿ ಹೇಳಿ ಹೊರಟು, ನನ್ನನ್ನೂ ಜೀಪಿನಲ್ಲಿ ಕೂಡಿಸಿಕೊಂಡರು. ಊರಿಗೆ ಹೋಗುವ ಮೊದಲು ಕಲ್ಲು ನೋಡೋಣ ಎಂದೆ ನಾನು. ಇಬ್ಬರೇ ಹತ್ತಿ ಹೋದೆವು. ಮಂಜು ಇನ್ನೂ ಕರಗಿರಲಿಲ್ಲ. ಮಾರು ದೂರದಿಂದ ಬಾಣವಷ್ಟೇ ಕಂಡಿತು. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಬಾಣದ ಬಿಳಿಯ ಮೇಲೆ ಸುಣ್ಣದ ಮೂರು ಗೆರೆ! ಎಣ್ಣೆಬಣ್ಣದ ಮೇಲೆ ಸುಣ್ಣ ಸರಿಯಾಗಿ ಹಿಡಿದಿರಲಿಲ್ಲ, ಅರ್ಧ ಕೆಳಗೆ ಜಾರಿ ಒಣಗಿತ್ತು. ಬೆರಳಾಡಿಸಿದರೆ ಮೂರೂ ಗೆರೆ ಕೈಗೆ ಸಿಕ್ಕವು. ಬಿಳಿಯ ಮೇಲೆ ಬಿಳಿ. ಪಾರೂಬಾಯಿಗೆ ಎಲ್ಲಿಂದ ಕಾಣಬೇಕು?

"ನೋಡ್ರಿ! ಅವ ಹಚ್ಚ್ಯಾನ! ಖರೇ ಹೇಳ್ಯಾನ!" ಎಂದು ಕೂಗಿದೆ.

ಅಪ್ಪಾಸಾಹೇಬರು ಬಗ್ಗಿ ನೋಡಿದರು. ಜೇಬಿನಿಂದ ಕರ್ಚೀಫು ತೆಗೆದರು. ಪಾಟದಲ್ಲಿ ಅದ್ದಿ, ಮೂರೂ ಗೆರೆಯನ್ನು ಒರೆಸಿಬಿಟ್ಟರು. ಅವಸರವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಅಂಗಡಿಯ ಕೌಂಟರು ಒರೆಸುವಂತೆ ಒರೆಸಿ, ಕರ್ಚೀಫು ಹಿಂಡಿ ಮಡಚಿ ಇಟ್ಟುಕೊಂಡರು.

"ಬಾಯಾರ, ನಿಮ್ಮ ಆರ್ಡರ ಜೂನಿಗಿ ಆಗಬೇಕಲ್ಲ. ಬಾಣ ಬರದಾವರು ನೀವು, ನಾ ಅಲ್ಲ. ಕ್ಯಾಲೆಂಡರಿನ್ಯಾಗ ನಿಮ್ಮ ಫೋಟೋನ ಐತಿ. ಸುಮ್ಮನ ಬರ್ರಿ."

ಆ ಊರಿನ ಯಾವ ಮನುಷ್ಯನೂ ಕನಸಿನಲ್ಲೂ ಮಾಡದ ಕೆಲಸ ಅದು. ಒಳಗೆ ಹೋದವನ ಗುರುತನ್ನು ಅವರು ಒರೆಸುವವರಲ್ಲ, ನಮ್ಮ ಪೋಲಿ ಬಾಣವನ್ನೇ ಎರಡು ತಿಂಗಳು ಮುಟ್ಟದೆ ಬಿಟ್ಟವರು! ಈ ಮಾರಾಯ ಒಂದೇ ನಿಮಿಷದಲ್ಲಿ ಮುಗಿಸಿದ. ನಾನು ಅವರ ಕೆನ್ನೆಗೆ ಬಾರಿಸಬೇಕಿತ್ತು. ಬಾರಿಸಲಿಲ್ಲ. ಹಿಂದೆ ಹಿಂದೆ ಇಳಿದು ಊರಿಗೆ ಹೋದೆ.

ಗುಡಿಯ ಕಟ್ಟೆಯ ಮೇಲೆ ಪಂಚರು, ಕೆಳಗೆ ಊರವರು, ಒಂದು ಕಡೆ ಒಂಟಿಯಾಗಿ ಪಾರೂಬಾಯಿ. "ನಮ್ಮ ಬಾಣಕ್ಕೂ ಇದಕ್ಕೂ ಸಂಬಂಧ ಇಲ್ರಿ, ಈಗಷ್ಟ ಕಲ್ಲ ನೋಡಿ ಬಂದೀವಿ, ಸುಣ್ಣ ಇಲ್ಲ" ಎಂದರು ಅಪ್ಪಾಸಾಹೇಬರು. ಹಿರಿಯ ಪಂಚ ನನ್ನ ಕಡೆ ತಿರುಗಿ, "ಬಾಯಾರ, ನೀವೂ ನೋಡೀರಿ?" ಎಂದು ಕೇಳಿದ. ಪಾರೂಬಾಯಿ ತಲೆ ಎತ್ತಿ ನನ್ನನ್ನೇ ನೋಡಿದಳು.

"ಈಗ ಇಲ್ರಿ" ಎಂದೆ.

ನೋಡಿ, ಎಂಥ ಜಾಣ ಉತ್ತರ! ಸುಳ್ಳೂ ಅಲ್ಲ. ಥೂ! ಅಪ್ಪಾಸಾಹೇಬರ ಮೇಲಿನ ಸಿಟ್ಟು ಒಂದು ಪಾಲಾದರೆ ಆ ಎರಡು ಮಾತು ಆಡಿದ ನನ್ನ ನಾಲಗೆಯ ಮೇಲಿನ ಸಿಟ್ಟು ಹತ್ತು ಪಾಲು.

ಇಪ್ಪತ್ತಾರನೇ ತಾರೀಖು ಅವರ ಕಾರ್ಯಕ್ರಮ ನಡೆದೇ ನಡೆಯಿತು. ನಾನು ಜ್ವರ ಎಂದು ಸುಳ್ಳು ಹೇಳಿ ಮನೆಯಲ್ಲಿ ಬಿದ್ದುಕೊಂಡೆ. ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಮಗ್ಗದ ಕುಣಿಯ ಅಂಚಿಗೆ ಕಾಲು ಇಳಿಬಿಟ್ಟು ಕುಳಿತ. "ಕಾಯಂ ಆಗೂತನಕ ಬಾಯಿ ಮುಚ್ಚಕೊಂಡ ಇರು ಮಗಳ" ಎಂದ. ಆದರೆ ಮರುದಿನ ನೋಡುತ್ತೇನೆ, ಮೊಳೆಯ ಮೇಲೆ ಕ್ಯಾಲೆಂಡರು ಇರಲಿಲ್ಲ. ಹರಿದು ಒಲೆಗೆ ಹಾಕಿದ್ದ. ಅದು ನನ್ನನ್ನು ಅಲುಗಿಸಿದಷ್ಟು ಯಾವ ಬುದ್ಧಿಮಾತೂ ಅಲುಗಿಸಲಿಲ್ಲ.

ಜೂನಿನಲ್ಲಿ ಆರ್ಡರು ಬರಲಿಲ್ಲ ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮನೆಯಲ್ಲೇ ಮಕ್ಕಳಿಗೆ ಚಿತ್ರ ಕಲಿಸಿಕೊಂಡು ಬದುಕಿದೆ, ಈಗಲೂ ಅದೇ ಮಾಡುತ್ತಿದ್ದೇನೆ. ಅಪ್ಪಾಸಾಹೇಬರು ಮುಂದೆ ಶಾಲೆಯ ಅಧ್ಯಕ್ಷರಾದರು, ಹಾರ ಹಾಕಿಸಿಕೊಂಡರು, ಸುಖವಾಗಿ ಬಾಳಿದರು. ಅವರಿಗೆ ಏನೂ ಆಗಲಿಲ್ಲ. ಇದನ್ನು ಓದಿ ಸಮಾಧಾನಪಟ್ಟುಕೊಳ್ಳಲು ಯಾರಿಗೂ ಏನೂ ಇಲ್ಲ.

ಶಿವರಾತ್ರಿಗೆ ಮುಂಚಿನ ರವಿವಾರ ತಂತಿಯ ಬ್ರಷ್ಷು, ಟರ್ಪೆಂಟೈನಿನ ಬಾಟಲಿ, ಹಳೆ ಸೀರೆಯ ತುಂಡು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಒಬ್ಬಳೇ ಹೋದೆ. ಕಾಡಿನಲ್ಲಿ ಎಲೆ ಉದುರುತ್ತಿತ್ತು, ಪಾಟದ ನೀರು ಸಣ್ಣಗಾಗಿತ್ತು. ಹೊಸದಾಗಿ ಹಲಗೆ ಹಿಡಿದವನು ನನ್ನನ್ನು ಕಂಡು ಊರಿಗೆ ಓಡಿ ಸುದ್ದಿ ಮುಟ್ಟಿಸಿದ. ನಾನು ಕಲ್ಲು ತಿಕ್ಕುತ್ತಿದ್ದಂತೆ ಒಬ್ಬೊಬ್ಬರೇ ಬಂದು ಕೂಡಿದರು. ಹಿರಿಯ ಪಂಚ ಬಂದ. ಕೊನೆಗೆ ಪಾರೂಬಾಯಿಯೂ ಬಂದು ದೂರ ನಿಂತಳು. ಯಾರೂ ಕೈ ಹಚ್ಚಲಿಲ್ಲ, ನಾನು ಕೇಳಲೂ ಇಲ್ಲ. ಮೂರು ತಿಂಗಳು ಒಣಗಿದ ಬಣ್ಣ ಸುಲಭಕ್ಕೆ ಬಿಡುತ್ತದೆಯೇ? ಎರಡು ತಾಸು ಹಿಡಿಯಿತು, ಬೆರಳ ಸಂದಿ ಸುಲಿದು ರಕ್ತ ಬಂತು. ಕೊನೆಯ ಚೂರೂ ಹೋದ ಮೇಲೆ ತಿರುಗಿ ನಿಂತು ಎಲ್ಲ ಹೇಳಿದೆ. ಹಸಿ ಬಣ್ಣ, ಕೈಯಲ್ಲಿದ್ದ ಅರಿವೆ, ಮೂರು ಗೆರೆ, ಕರ್ಚೀಫು, "ಈಗ ಇಲ್ರಿ" ಎಂದ ನನ್ನ ಮಾತು.

ಜನ ಗುಜುಗುಜು ಮಾಡಿದರು. ಹಿರಿಯ ಪಂಚ, "ಆವತ್ತ ಯಾಕ ಹೇಳಲಿಲ್ರಿ? ಪಾರೂನ ಮಂದಿ ನಿಮಗ ಹೇಳಿಕೊಟ್ಟಾರೋ ಏನೋ, ನಮಗ ಹ್ಯಾಂಗ ತಿಳೀಬೇಕು?" ಎಂದ. ತಪ್ಪೇನಿತ್ತು ಅವನ ಮಾತಿನಲ್ಲಿ? ಗೆರೆ ಇಲ್ಲ, ಸಾಕ್ಷಿ ಇಲ್ಲ, ನನ್ನ ಮಾತಿಗೆ ಬೆಲೆ ಉಳಿಸಿಕೊಂಡವಳೂ ನಾನಲ್ಲ.

ಆಗ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಬೇಡಿ, ಎಲ್ಲರ ಮೇಲೂ. ಪಕ್ಕದಲ್ಲಿ ನಿಂತವನ ಕೈಯಿಂದ ತಂಬಾಕಿನ ಡಬ್ಬಿ ಕಸಿದುಕೊಂಡೆ. ಸುಣ್ಣವನ್ನು ಮೂರು ಬೆರಳಿಗೆ ತೊಡೆದು ಕಲ್ಲಿನ ಮೇಲೆ ಎಳೆದೆ. ಸುಲಿದ ಬೆರಳು ಚುರ್ರೆಂದಿತು. ಮೂರು ಗೆರೆ ಕರಿಕಲ್ಲಿನ ಮೇಲೆ ಢಾಳಾಗಿ ಕಂಡವು.

"ನಾ ಒಳಗ ಹೊಂಟೀನಿ. ಹಲಗಿ ಪಾರೂಬಾಯಿ ಕೈಯಾಗ ಕೊಡ್ರಿ. ಬ್ಯಾರೆ ಯಾರೂ ಮುಟ್ಟಬ್ಯಾಡ್ರಿ. ಆಕಿಗೆ ಮಂದೀನ ಕೊಲ್ಲೂದ ಇದ್ರ ನನ್ನ ಮ್ಯಾಲಿದ್ದಷ್ಟ ಸಿಟ್ಟ ಬ್ಯಾರೆ ಯಾರ ಮ್ಯಾಲ ಇದ್ದೀತು? ನೋಡೂಣು!"

ಯಾರಾದರೂ ತಡೆಯುವ ಮೊದಲೇ ತಲೆ ತಗ್ಗಿಸಿ ಒಳಗೆ ಹೋದೆ. ಟಾರ್ಚೂ ಇರಲಿಲ್ಲ. ಹತ್ತು ಹೆಜ್ಜೆಗೆ ಕತ್ತಲೆ ಕವಿಯಿತು. ಮೊಳಕಾಲಿನ ಕೆಳಗೆ ತಣ್ಣನೆಯ ಕೆಸರು, ಕೈಗೆ ಒರಟು ಗೋಡೆ, ಬೆನ್ನ ಹಿಂದೆ ಹಲಗೆಗೆ ಬಡಿಯುವ ನೀರಿನ ಸದ್ದು. ದೀಪಾವಳಿ ಮುಗಿದಾಗ ಇದೇ ಕತ್ತಲೆಯಲ್ಲಿ ಚಪ್ಪಾಳೆ ಹೊಡೆದಿದ್ದೆ. ಈಗ ಗೋಡೆ ತಡವುತ್ತ ಮೊಳಕಾಲೂರಿ ಮುಂದೆ ಸರಿದೆ. ಒಂದು ಕಡೆ ಕಲ್ಲುರಾಶಿ ಕೈಗೆ ಸಿಕ್ಕಿತು. ಸಾತೇರಿಯ ಮೇಲೆ ಬಿದ್ದದ್ದು ಇದೇ ಇರಬೇಕೆಂದು ಗೊತ್ತಾಗಿ ಅಲ್ಲೇ ಕುಸಿದೆ. ಅಪ್ಪಾಸಾಹೇಬರಿಗೆ ನನಗೆ ಗೊತ್ತಿದ್ದ ಅಷ್ಟೂ ಬೈಗುಳವನ್ನು ದೊಡ್ಡ ದನಿಯಲ್ಲಿ ಬೈದೆ. ಶಹಾಪುರದ ಓಣಿಯಲ್ಲಿ ಬೆಳೆದವಳು, ಬೈಗುಳಕ್ಕೇನು ಕಡಿಮೆ? ಬೈಯುತ್ತ ಅಳುತ್ತ ತೆವಳಿದೆ. ಯಾವಾಗ ಬೆಳಕು ಬಂತೋ ತಿಳಿಯಲಿಲ್ಲ.

ಹೊರಬಿದ್ದು, ಗುಡ್ಡ ಹತ್ತಿ ಇಳಿದು ತಿರುಗಿ ಬರುವ ಹೊತ್ತಿಗೆ ಎಲ್ಲರೂ ನಿಂತಲ್ಲೇ ನಿಂತಿದ್ದರು. ಪಾರೂಬಾಯಿ ಹಲಗೆಯ ಮೇಲೆ ಎರಡೂ ಕೈ ಊರಿ, ಅದು ತಾನಾಗಿಯೂ ಏಳದಂತೆ ಮೈಭಾರವನ್ನೆಲ್ಲ ಹಾಕಿ ಒತ್ತಿ ನಿಂತಿದ್ದಳು. ಕಣ್ಣು ನನ್ನ ಮೂರು ಗೆರೆಯ ಮೇಲೆ. ನಾನು ಎದುರಿಗೆ ಬಂದರೂ ಕೈ ತೆಗೆಯಲಿಲ್ಲ.

"ಒರಸ್ರಿ" ಎಂದಳು.

ಒರೆಸಿದೆ. ಆಗಷ್ಟೇ ಹಲಗೆ ಎತ್ತಿದಳು. ನೀರು ದಡದಡನೆ ಒಳಗೆ ಹೋಯಿತು. ಹಿರಿಯ ಪಂಚ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ನಾಳಿಂದ ಪಾರೂನ ಹಲಗಿ ನೋಡಕೊಳ್ಳಲಿ" ಎಂದ. ಬಾವಿಯಲ್ಲಿ ಕೊಡ ಎತ್ತಿಕೊಂಡು ಹೋಗುತ್ತಿದ್ದ ಹೆಂಗಸರಲ್ಲಿ ಒಬ್ಬಳು ಅವಳ ಪಕ್ಕಕ್ಕೆ ಬಂದು ನಿಂತಳು. ಜನ ಕರಗಿದರು.

ನಾನು ಬ್ರಷ್ಷು, ಬಾಟಲಿ ಚೀಲಕ್ಕೆ ತುಂಬಿಕೊಂಡೆ. ಬಾಯಿ ಸುಮ್ಮನಿರಬೇಕಲ್ಲ, "ಪಾರೂಬಾಯಿ, ನನ್ನ ಮ್ಯಾಲಿನ ಸಿಟ್ಟ ಹೋತೇನ್ರಿ?" ಎಂದು ಕೇಳಿಬಿಟ್ಟೆ.

"ಕಲ್ಲ ಒರಸೀರಿ, ಛಲೋ ಆತು. ಅವ ಇನ್ನ ಜಲ್ಮಪೂರ್ತಿ ಕೋಲ ಹಿಡದ ಅಡ್ಡಾಡಬೇಕು" ಎಂದಳು. ಪಾಟದಲ್ಲಿ ಗುದ್ದಲಿ ತೊಳೆದು ಹೆಗಲಿಗೇರಿಸಿದಳು. ಎರಡು ಹೆಜ್ಜೆ ಹೋಗಿ ನಿಂತಳು.

"ದೀಪಾವಳಿ ಆದಾಗ ನೀವು ಹದಿನಾಲ್ಕ ಮಂದಿ ಒಳಗ ಹೋದ್ರಿ. ಹೊತ್ತ ಮುಣಗೂತನಕ ಹಲಗಿ ಹಿಡಕೊಂಡ ಕುಂತಿದ್ದೆ. ಆಮ್ಯಾಲ ನಾನ ಗುಡ್ಡಾ ಹತ್ತಿ ಆ ಬಾಜೂಕ ಹೋಗಿ ಹುಡಕಿ ಬಂದೆ. ನೀವು ಹೊರಗ ಬಂದ್ರಿ ಅಂತ ಇವತ್ತಿನತನಕ ಒಬ್ಬರೂ ಬಂದ ಹೇಳಿಲ್ಲ ನನಗ."

ಚೀಲ ಕೆಳಗಿಟ್ಟೆ.

"ಬಂದ್ವಿರೀ" ಎಂದೆ. "ಹದಿನಾಲ್ಕೂ ಮಂದಿ ಬಂದ್ವಿ."

ಅವಳು ತಲೆಯಾಡಿಸಿ ದಂಡೆ ಹಿಡಿದು ಹೋದಳು.